ಕಾರಿನ ಪ್ರಾಪರ್ಟಿ ಟ್ಯಾಕ್ಸ್ ಶೆಡ್ಯೂಲ್ ಎಗೆ ಹಾಕೋದು: ಬಿಲ್‌ನ ಯಾವ ಸಾಲು, ಯಾರಿಗೆ ಲಾಭ?

ಲೌಡನ್_ಲೆಕ್ಕ
ವರ್ಜೀನಿಯಾದ ಕೌಂಟಿಯವರು ಪ್ರತಿ ವರ್ಷ ಕಳಿಸೋ ಕಾರಿನ ಪರ್ಸನಲ್ ಪ್ರಾಪರ್ಟಿ ಟ್ಯಾಕ್ಸನ್ನು 2025ರ ಫೆಡರಲ್ ರಿಟರ್ನ್‌ನಲ್ಲಿ ಕಳೆಯೋಕೆ ಬರುತ್ತಾ? ಜಾಯಿಂಟ್ ಫೈಲಿಂಗ್, ಸ್ವಂತ ಮನೆ, ಮಾರ್ಟ್‌ಗೇಜ್ ಇದೆ, ಕಾರು ಎರಡು. ಹಿಂದಿನ ವರ್ಷಗಳಲ್ಲಿ ಸಾಫ್ಟ್‌ವೇರ್‌ಗೆ ಈ ಮೊತ್ತ ತುಂಬಿದರೂ ರೀಫಂಡ್ ಒಂದು ಡಾಲರ್ ಕೂಡ ಅಲುಗುತ್ತಿರಲಿಲ್ಲ. ಈ ಸಲ ತುಂಬಿದ ತಕ್ಷಣ ಏರುತ್ತಿದೆ. ಸಾಫ್ಟ್‌ವೇರ್ ತಪ್ಪೋ, ಕಾನೂನು ಬದಲಾಗಿದೆಯೋ?

ಕಲಂ_164
ಸಾಫ್ಟ್‌ವೇರ್ ಸರಿಯಾಗೇ ಇದೆ. ಕಾರಿನ ತೆರಿಗೆ ಕಳೆಯುವ ನಿಯಮ ಹಳೇದೇ. ಅದರ ಮೇಲೆ ಕೂತಿದ್ದ ಸಾಲ್ಟ್ ಮಿತಿ (ರಾಜ್ಯ, ಸ್ಥಳೀಯ ತೆರಿಗೆಗಳನ್ನು ಎಷ್ಟರವರೆಗೆ ಕಳೆಯಬಹುದು ಅನ್ನೋ ಮಿತಿ) ಏರಿದೆ.

ಮೊದಲು ನಿಯಮ. ಇಂಟರ್ನಲ್ ರೆವಿನ್ಯೂ ಕೋಡ್‌ನ 164ನೇ ಸೆಕ್ಷನ್ ಪ್ರಕಾರ ತೆರಿಗೆ ರಾಜ್ಯದ್ದೋ ಸ್ಥಳೀಯ ಸರ್ಕಾರದ್ದೋ ಆಗಿರಬೇಕು, ವಾಹನದ ಮೌಲ್ಯದ ಮೇಲೆ ಲೆಕ್ಕ ಹಾಕಿದ್ದಾಗಿರಬೇಕು, ವರ್ಷಕ್ಕೊಮ್ಮೆ ವಿಧಿಸುವಂಥದ್ದಾಗಿರಬೇಕು. ತೂಕಕ್ಕೆ ಇಷ್ಟು, ಗಾಡಿಗೆ ಇಷ್ಟು ಅಂತ ಇದ್ದರೆ ಅದು ಫೀ, ಕಳೆಯೋ ಹಾಗಿಲ್ಲ. ಎರಡು ಕಂತಲ್ಲಿ ವಸೂಲು ಮಾಡಿದರೆ ತೊಂದರೆ ಇಲ್ಲ, ವಿಧಿಸೋದು ವಾರ್ಷಿಕವಾಗಿದ್ದರೆ ಸಾಕು. ಜಾಗ ಶೆಡ್ಯೂಲ್ ಎ (ಕಡಿತಗಳನ್ನು ಒಂದೊಂದಾಗಿ ಬಿಡಿಸಿ ತೋರಿಸೋ ಫಾರ್ಮ್), ಲೈನ್ 5ಸಿ. 5ಎನಲ್ಲಿ ರಾಜ್ಯದ ಆದಾಯ ತೆರಿಗೆ ಅಥವಾ ಸೇಲ್ಸ್ ಟ್ಯಾಕ್ಸ್, 5ಬಿನಲ್ಲಿ ಮನೆ ತೆರಿಗೆ, 5ಡಿನಲ್ಲಿ ಮೂರರ ಮೊತ್ತ, 5ಇನಲ್ಲಿ ಮಿತಿ.

2018ರಿಂದ 2024ರವರೆಗೆ ಆ ಮಿತಿ 10,000 ಡಾಲರ್. ವರ್ಜೀನಿಯಾದ ಡಬಲ್ ಇನ್‌ಕಮ್ ಮನೆಯಲ್ಲಿ ರಾಜ್ಯದ ಆದಾಯ ತೆರಿಗೆಯೊಂದೇ ಅಷ್ಟನ್ನು ನುಂಗಿ ಹಾಕುತ್ತಿತ್ತು. ಕಾರಿನ ತೆರಿಗೆ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಸುರಿದ ಹಾಗೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಿಂದ 2025ಕ್ಕೆ ಮಿತಿ 40,000, 2026ಕ್ಕೆ 40,400. 2029ರವರೆಗೆ ವರ್ಷಕ್ಕೆ ಶೇ. 1ರಂತೆ ಏರಿ 2030ಕ್ಕೆ ಮತ್ತೆ 10,000ಕ್ಕೆ ಬೀಳುತ್ತೆ. ಬೇರೆ ಬೇರೆ ಫೈಲ್ ಮಾಡೋ ಗಂಡ-ಹೆಂಡತಿಗೆ ಇದರ ಅರ್ಧರ್ಧ.

ಒಂದು ಲೆಕ್ಕ ನೋಡಿ. ರಾಜ್ಯದ ಆದಾಯ ತೆರಿಗೆ 9,800, ಮನೆ ತೆರಿಗೆ 8,400, ಎರಡು ಕಾರಿನದ್ದು 1,150: ಒಟ್ಟು 19,350. ಮಾರ್ಟ್‌ಗೇಜ್ ಬಡ್ಡಿ 17,600, ದಾನ 1,200. ಎಲ್ಲಾ ಸೇರಿ 38,150. ಜಾಯಿಂಟ್ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೊಡದೆ ಕಳೆಯೋ ನಿಗದಿತ ಮೊತ್ತ) 2025ಕ್ಕೆ 31,500. ಐಟಮೈಸ್ ಮಾಡಿದರೆ, ಅಂದರೆ ಅದರ ಬದಲು ಶೆಡ್ಯೂಲ್ ಎ ಹಾಕಿದರೆ, 6,650 ಹೆಚ್ಚು. ಶೇ. 22ರ ಬ್ರಾಕೆಟ್‌ನಲ್ಲಿ ಆ 1,150ರ ಬೆಲೆ 253 ಡಾಲರ್. ಇದೇ ಅಂಕಿಗಳಿಗೆ ಹಳೇ ಮಿತಿ ಹಾಕಿದರೆ 10,000 + 17,600 + 1,200 = 28,800. 2024ರ ಸ್ಟ್ಯಾಂಡರ್ಡ್ ಡಿಡಕ್ಷನ್ 29,200 ಇತ್ತು, ಐಟಮೈಸ್ ಮಾಡೋ ಪ್ರಶ್ನೆಯೇ ಇರಲಿಲ್ಲ.

ಹೆರ್ಂಡನ್_ಹುಳಿ
ಇದಕ್ಕೆ ಬಾಲ ಒಂದಿದೆ. ಮಾಡಿಫೈಡ್ ಎಜಿಐ (ಕೆಲವು ಹೊಂದಾಣಿಕೆ ಮಾಡಿದ ಒಟ್ಟು ಆದಾಯ) 5 ಲಕ್ಷ ಡಾಲರ್ ದಾಟಿದರೆ, ದಾಟಿದ ಮೊತ್ತದ ಶೇ. 30ರಷ್ಟನ್ನು 40,000ದಿಂದ ಕಳೀತಾರೆ. 5,60,000 ಇದ್ದರೆ 18,000 ಹೋಗಿ ಮಿತಿ 22,000. 6 ಲಕ್ಷಕ್ಕೆ 10,000, ಅದಕ್ಕಿಂತ ಕೆಳಗೆ ಇಳಿಯಲ್ಲ. ಆರ್‌ಎಸ್‌ಯು (ಕಂಪನಿ ನೌಕರರಿಗೆ ಕೊಡೋ ಷೇರು) ಒಟ್ಟಿಗೆ ವೆಸ್ಟ್ ಆಗಿ ಕೈಸೇರಿದ ವರ್ಷ ಈ ಗುಂಡಿಗೆ ಬೀಳೋದು ಸುಲಭ.

ಇನ್ನು ವರ್ಜೀನಿಯಾ ಬಿಲ್. ಅದರಲ್ಲಿ ನಾಲ್ಕೈದು ಮೊತ್ತ ಇರುತ್ತೆ, ಜನ ಕೊನೇ ಸಾಲಿನ ಟೋಟಲ್ ಎತ್ತಿ ಹಾಕಿಬಿಡ್ತಾರೆ. ಬಿಡಿಸಿ ನೋಡೋಣ. ಕಾರಿನ ಅಸೆಸ್ಡ್ ಮೌಲ್ಯ 24,000 ಅಂದ್ಕೊಳ್ಳಿ, ಲೆಕ್ಕ ಸುಲಭ ಆಗ್ಲಿ ಅಂತ ದರ ನೂರಕ್ಕೆ 4 ಹಿಡೀರಿ. ತೆರಿಗೆ 960. ರಾಜ್ಯದ ಕಾರ್ ಟ್ಯಾಕ್ಸ್ ರಿಲೀಫ್ ಮೊದಲ 20,000 ಮೌಲ್ಯಕ್ಕೆ ಮಾತ್ರ ಸಿಗುತ್ತೆ, ರಿಲೀಫ್ ಶೇ. 35 ಅಂದ್ರೆ 800ರ ಶೇ. 35, 280. ಉಳಿದದ್ದು 680. ಇದರ ಕೆಳಗೆ ವಾಹನ ಲೈಸೆನ್ಸ್ ಫೀ 33, ತಡ ಆಗಿದ್ದರೆ ದಂಡ 68, ಮೇಲೆ ಬಡ್ಡಿ. 5ಸಿಗೆ ಹೋಗೋದು 680 ಮಾತ್ರ. ರಿಲೀಫ್ ದುಡ್ಡು ನಿಮ್ಮ ಜೇಬಿಂದ ಹೋಗಿಲ್ಲ, ಫೀ ಮೌಲ್ಯದ ಮೇಲಿಲ್ಲ, ದಂಡ-ಬಡ್ಡಿ ತೆರಿಗೆಯೇ ಅಲ್ಲ. ಆನ್‌ಲೈನ್‌ನಲ್ಲಿ ಕಾರ್ಡ್ ಉಜ್ಜಿದಾಗ ಕತ್ತರಿಸೋ ಕನ್ವೀನಿಯೆನ್ಸ್ ಫೀ ಕೂಡ ಹೊರಗೆ.

ರಿಲೀಫ್ ಶೇಕಡಾವಾರು, ದರ ಎರಡೂ ಕೌಂಟಿಯಿಂದ ಕೌಂಟಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಪಕ್ಕದ ಮನೆಯವರ ಅಂಕಿ ನಂಬಬೇಡಿ, ಅವರದ್ದು ಬೇರೆ ಟೌನ್ ಆಗಿರಬಹುದು.

ಮಂಡಕ್ಕಿ_ಫ್ರೀಮಾಂಟ್
ಕ್ಯಾಲಿಫೋರ್ನಿಯಾದಲ್ಲಿ ಇಷ್ಟೆಲ್ಲಾ ಯಾಕೆ? ಡಿಎಂವಿ (ರಾಜ್ಯದ ವಾಹನ ಇಲಾಖೆ) ರಿಜಿಸ್ಟ್ರೇಶನ್ ರಿನ್ಯೂವಲ್ ಅಂತ ಒಂದೇ ಮೊತ್ತ ಕಟ್ಟಿಸಿಕೊಳ್ಳುತ್ತೆ. ಪೂರ್ತಿ ಹಾಕಿದರೆ ಆಯ್ತಲ್ಲ.

ಕಲಂ_164
ಪೂರ್ತಿ ಹಾಕಬೇಡಿ. ಅತಿ ಹೆಚ್ಚು ಜನ ಮಾಡೋ ತಪ್ಪೇ ಇದು. ರಿನ್ಯೂವಲ್ ನೋಟಿಸ್‌ನಲ್ಲಿ ಸಾಲು ಸಾಲಾಗಿ ಬಿಡಿಸಿ ಬರೆದಿರುತ್ತಾರೆ. ವೆಹಿಕಲ್ ಲೈಸೆನ್ಸ್ ಫೀ ಅನ್ನೋ ಸಾಲು ಹುಡುಕಿ. ಹೆಸರು ಫೀ ಆದರೂ ಅದು ಕಾರಿನ ಮೌಲ್ಯದ ಶೇ. 0.65, ಹಾಗಾಗಿ ಕಳೆಯಬಹುದು. ರಿಜಿಸ್ಟ್ರೇಶನ್ ಫೀ, ಹೈವೇ ಪ್ಯಾಟ್ರೋಲ್ (ಹೆದ್ದಾರಿ ಪೊಲೀಸ್) ಫೀ, ಸ್ಮಾಗ್ ಅಬೇಟ್‌ಮೆಂಟ್, ಪಿಕಪ್ ಇದ್ದರೆ ತೂಕದ ಫೀ, ಕೌಂಟಿಯ ಚಿಲ್ಲರೆ ಫೀಗಳು ಯಾವುದೂ ಬರಲ್ಲ. ಹೆಸರು ನೋಡಿ ತೀರ್ಮಾನ ಮಾಡಿದರೆ ಎರಡೂ ಕಡೆ ಎಡವುತ್ತೀರಿ: ಇಲ್ಲಿ ಫೀ ಅಂದದ್ದು ತೆರಿಗೆ, ಬೇರೆ ರಾಜ್ಯಗಳಲ್ಲಿ ಟ್ಯಾಕ್ಸ್ ಅಂತ ಕರೆದದ್ದು ಬರೀ ಫೀ ಆಗಿರುತ್ತೆ.

ನೋಟಿಸ್ ಕಳೆದು ಹೋಗಿದ್ದರೆ ಡಿಎಂವಿ ವೆಬ್‌ಸೈಟ್‌ನಲ್ಲಿ ಪ್ಲೇಟ್ ನಂಬರ್, ವಿನ್‌ನ (ಕಾರಿನ ಗುರುತಿನ ಸಂಖ್ಯೆ) ಕೊನೆಯ 5 ಅಂಕಿ ಕೊಟ್ಟು ಆ ವರ್ಷ ಕಟ್ಟಿದ ಲೈಸೆನ್ಸ್ ಫೀ ನೋಡಬಹುದು.

ಮಂಡಕ್ಕಿ_ಫ್ರೀಮಾಂಟ್
ಸರಿ ಹಾಗಾದರೆ. ಆದರೆ ಬಾಡಿಗೆ ಮನೆಯಲ್ಲಿರೋರು ಫೆಡರಲ್‌ನಲ್ಲಿ ಸ್ಟ್ಯಾಂಡರ್ಡೇ ತಗೋತಾರೆ. ಅವರಿಗೆ ಈ ಸಾಲು ಹುಡುಕೋ ಕೆಲಸವೇ ಇಲ್ಲ ಅಲ್ವಾ?

ಕಲಂ_164
ಫೆಡರಲ್‌ನಲ್ಲಿ ಇಲ್ಲ. ಕ್ಯಾಲಿಫೋರ್ನಿಯಾ ರಿಟರ್ನ್‌ನಲ್ಲಿ ಇರಬಹುದು. ಅಲ್ಲಿ ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ತಗೊಂಡವರೂ ಐಟಮೈಸ್ ಮಾಡಬಹುದು, ಸಾಲ್ಟ್ ಮಿತಿಯೂ ಇಲ್ಲ. ರಾಜ್ಯದ ಸ್ಟ್ಯಾಂಡರ್ಡ್ ಡಿಡಕ್ಷನ್ ತುಂಬ ಸಣ್ಣದು. 2024ರಲ್ಲಿ ಜಾಯಿಂಟ್‌ಗೆ 11,080. ರಾಜ್ಯದ ಆದಾಯ ತೆರಿಗೆಯನ್ನು ಅಲ್ಲಿ ಕಳೆಯೋ ಹಾಗಿಲ್ಲ, ಆದರೆ ಮನೆ ತೆರಿಗೆ, ಕಾರಿನ ಲೈಸೆನ್ಸ್ ಫೀ, ಮಾರ್ಟ್‌ಗೇಜ್ ಬಡ್ಡಿ, ದಾನ ಬರುತ್ತೆ. ಬಾಡಿಗೆಯವರಿಗೆ ದಾನ ದೊಡ್ಡದಿದ್ದರೆ ಮಾತ್ರ ದಾಟುತ್ತೆ. ಸಣ್ಣ ಲೋನ್ ಇರೋ ಕಾಂಡೋದವರಿಗೆ ಸುಲಭವಾಗಿ ದಾಟುತ್ತೆ. ಫೆಡರಲ್‌ನಲ್ಲಿ ಉಪಯೋಗ ಇಲ್ಲ ಅಂತ ಸಾಫ್ಟ್‌ವೇರ್‌ನ ಡಿಡಕ್ಷನ್ ಪುಟಗಳನ್ನೇ ಹಾರಿಸಿದರೆ ರಾಜ್ಯದ ರಿಟರ್ನ್‌ಗೂ ಏನೂ ಹೋಗಲ್ಲ. ತುಂಬಿ ಮುಂದೆ ಹೋಗಿ.

ವರ್ಜೀನಿಯಾದವರಿಗೆ ಈ ಸೌಲಭ್ಯ ಇಲ್ಲ. ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ಅಂದರೆ ರಾಜ್ಯದಲ್ಲೂ ಸ್ಟ್ಯಾಂಡರ್ಡ್.

ಚಳಿಗಾಲದ_ಚಹಾ
ಮಸಾಚುಸೆಟ್ಸ್ ವಿಷಯ. ಇಲ್ಲಿ ಊರಿನವರು ಕಳಿಸೋದು ಮೋಟಾರ್ ವೆಹಿಕಲ್ ಎಕ್ಸೈಸ್, ಸಾವಿರಕ್ಕೆ 25 ಡಾಲರ್. ಮೌಲ್ಯ ನೀವು ಕೊಟ್ಟ ಬೆಲೆಯಲ್ಲ, ಕಂಪನಿಯ ಲಿಸ್ಟ್ ಬೆಲೆ. ಮಾಡೆಲ್ ವರ್ಷದಲ್ಲಿ ಅದರ ಶೇ. 90, ಎರಡನೇ ವರ್ಷ 60, ಮೂರನೇ ವರ್ಷ 40, ನಾಲ್ಕಕ್ಕೆ 25, ಐದರಿಂದ ಮುಂದೆ 10. ಲಿಸ್ಟ್ ಬೆಲೆ 40,000 ಇದ್ದ ಕಾರಿಗೆ ಎರಡನೇ ವರ್ಷ 24,000ದ ಮೇಲೆ 600 ಡಾಲರ್. ಇದು ಪೂರ್ತಿ 5ಸಿಗೆ ಬರುತ್ತೆ. ಬಿಲ್ ಹೊರಟ 30 ದಿನದೊಳಗೆ ಕಟ್ಟದಿದ್ದರೆ ಸೇರೋ ಬಡ್ಡಿ, ಡಿಮ್ಯಾಂಡ್ ಚಾರ್ಜ್ ಬರಲ್ಲ. ರಿಜಿಸ್ಟ್ರಿಗೆ ಕಟ್ಟೋ ಪ್ಲೇಟ್ ರಿನ್ಯೂವಲ್ ಬೇರೆ ವಿಷಯ, ಅದು ಫೀ.

ಕನೆಕ್ಟಿಕಟ್ ಕಡೆಯವರು ಒಂದು ಹೆಚ್ಚಿನ ಕೆಲಸ ಮಾಡಬೇಕು. ಅಲ್ಲಿ ಟೌನ್‌ನವರು ಅಕ್ಟೋಬರ್ 1ಕ್ಕೆ ಕಾರು ಯಾರ ಹೆಸರಲ್ಲಿದೆ ನೋಡಿ ಮುಂದಿನ ಜುಲೈಗೆ ಬಿಲ್ ಹಾಕ್ತಾರೆ. ರಾಜ್ಯದ ರಿಟರ್ನ್‌ನಲ್ಲಿ ಐಟಮೈಸ್ ಅನ್ನೋದೇ ಇಲ್ಲ, ಬದಲಿಗೆ ಮನೆ ಅಥವಾ ಕಾರಿನ ತೆರಿಗೆಗೆ 300 ಡಾಲರ್‌ವರೆಗೆ ಕ್ರೆಡಿಟ್ ಇದೆ. ಸ್ವಂತ ಮನೆ ಇಲ್ಲದವರೂ ಬರೀ ಕಾರಿನ ಬಿಲ್ ಮೇಲೆ ಕೇಳಬಹುದು. ಆದಾಯ ಏರಿದ ಹಾಗೆ ಕ್ರೆಡಿಟ್ ಕರಗುತ್ತೆ. ಬಾಡಿಗೆ ಮನೆಯವರು ಇದನ್ನ ನೋಡೋದೇ ಇಲ್ಲ.

ಮಾರಿಸ್‌ವಿಲ್_ಮಿರ್ಚಿ
ನಾರ್ತ್ ಕ್ಯಾರೊಲೈನಾದಾಗ ಟ್ಯಾಗೂ ಟ್ಯಾಕ್ಸೂ ಒಂದ ಬಿಲ್ಲಿನ್ಯಾಗ ಬರ್ತಾವರೀ. ಕೌಂಟಿ ತೆರಿಗಿ ಮತ್ತ ಸಿಟಿ ತೆರಿಗಿ, ಎರಡೂ ಮೌಲ್ಯದ ಮ್ಯಾಲಿನವು, 5ಸಿಗೆ ತಗೋರಿ. ಪ್ಲೇಟ್ ರಿನ್ಯೂವಲ್ ಫೀ, ಸಿಟಿಯವರು ಗಾಡಿಗಿಷ್ಟು ಅಂತ ಹಾಕೋ ಫೀ ಬಿಡ್ರಿ. ಕಾರು ತಗೊಂಡಾಗ ಕಟ್ಟಿದ ಶೇ. 3ರ ಹೈವೇ ಯೂಸ್ ಟ್ಯಾಕ್ಸ್ ಒಮ್ಮೆ ಕಟ್ಟೋದು, ಅದು 5ಸಿಗೆ ಬರಂಗಿಲ್ಲ. ಮತ್ತ ಇದು ಬರೇ ಫೆಡರಲ್ ಮಾತು. ರಾಜ್ಯದ ರಿಟರ್ನ್‌ದಾಗ ಮನಿ ತೆರಿಗಿಗೆ ಜಾಗ ಐತಿ, ಕಾರಿನ ತೆರಿಗಿಗೆ ಇಲ್ಲ.

ಪೀಚ್‌ಟ್ರೀ_ಪುಳಿಯೋಗರೆ
ಜಾರ್ಜಿಯಾದಲ್ಲಿ ಕಾರು ಕೊಳ್ಳುವಾಗ ಕಟ್ಟೋ ಟಿಎವಿಟಿ (ಟೈಟಲ್ ಆಡ್ ವೆಲೊರೆಮ್ ಟ್ಯಾಕ್ಸ್) ಹೆಸರಲ್ಲೇ ಆಡ್ ವೆಲೊರೆಮ್ ಇದೆ. ಮೌಲ್ಯದ ಮೇಲೇ ಲೆಕ್ಕ. ಇದು ಬರಬೇಕಲ್ವಾ?

ಕಲಂ_164
ಮೌಲ್ಯದ ಪರೀಕ್ಷೆ ಪಾಸು, ವಾರ್ಷಿಕ ಪರೀಕ್ಷೆ ಫೇಲು. ಟೈಟಲ್ ಬದಲಾಗುವಾಗ ಒಂದೇ ಸಲ ಕಟ್ಟೋದು, ಆದ್ದರಿಂದ 5ಸಿ ಇಲ್ಲ. 2013ರ ಮಾರ್ಚ್‌ಗೆ ಮುಂಚೆ ಕೊಂಡು ಇನ್ನೂ ಪ್ರತಿ ಬರ್ತ್‌ಡೇಗೆ ಹಳೇ ತೆರಿಗೆ ಕಟ್ಟುತ್ತಿರೋ ಗಾಡಿ ಇದ್ದರೆ ಅದರದ್ದು ಬರುತ್ತೆ. ಆ ಕಾರುಗಳಿಗೆ ಈಗ ಉಳಿದಿರೋ ಮೌಲ್ಯಕ್ಕೆ ತೆರಿಗೆ ಎಷ್ಟು ಅಂತ ಕೇಳಬೇಡಿ.

ಬೆಲ್‌ವ್ಯೂ_ಬಿಸಿಬೇಳೆ
ವಾಷಿಂಗ್ಟನ್ ರಾಜ್ಯ: ಕಿಂಗ್, ಪಿಯರ್ಸ್, ಸ್ನೊಹೊಮಿಶ್ ಕೌಂಟಿಗಳ ಸೌಂಡ್ ಟ್ರಾನ್ಸಿಟ್ (ಸಾರ್ವಜನಿಕ ಸಾರಿಗೆ ಸಂಸ್ಥೆ) ವ್ಯಾಪ್ತಿಯಲ್ಲಿರೋರಿಗೆ ಟ್ಯಾಬ್ ರಿನ್ಯೂವಲ್‌ನಲ್ಲಿ (ರಿಜಿಸ್ಟ್ರೇಶನ್ ನವೀಕರಣ) ಆರ್‌ಟಿಎ ಅಂತ ಒಂದು ಸಾಲು ಇರುತ್ತೆ, ಮೌಲ್ಯದ ಶೇ. 1.1. ಅದೊಂದೇ ಬರೋದು. ತೂಕದ ಫೀ, ಫೈಲಿಂಗ್ ಫೀ ಬಿಡಿ.

ಇಲ್ಲಿ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲವಾದ್ದರಿಂದ 5ಎಗೆ ಸೇಲ್ಸ್ ಟ್ಯಾಕ್ಸ್ ತಗೋಬೇಕು. ಐಆರ್‌ಎಸ್ ಟೇಬಲ್‌ನ ಮೊತ್ತದ ಮೇಲೆ, ಆ ವರ್ಷ ಕಾರು ಕೊಂಡಿದ್ದರೆ ಅದರ ಸೇಲ್ಸ್ ಟ್ಯಾಕ್ಸನ್ನೂ ಸೇರಿಸಬಹುದು. ಅದು 5ಎಗೆ ಸೇರಬೇಕು, 5ಸಿಗೆ ಅಲ್ಲ. ಡೀಲರ್ ಕಾಗದದಲ್ಲಿ ಎರಡೂ ಒಂದರ ಕೆಳಗೊಂದು ಇರೋದರಿಂದ ಕಲಸಿ ಹೋಗುತ್ತೆ.

ಲೌಡನ್_ಲೆಕ್ಕ
ಟೆಕ್ಸಸ್, ನ್ಯೂಜೆರ್ಸಿಯ ನೆಂಟರೂ ಕೇಳ್ತಿದ್ದಾರೆ.

ಕಲಂ_164
ಟೆಕ್ಸಸ್, ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ: ಮನೆಬಳಕೆ ಕಾರಿಗೆ ಮೌಲ್ಯದ ಮೇಲೆ ವಾರ್ಷಿಕ ತೆರಿಗೆ ಇಲ್ಲ. ಸೊನ್ನೆ ಹಾಕಿ. ಅರಿಜೋನಾದ ವೆಹಿಕಲ್ ಲೈಸೆನ್ಸ್ ಟ್ಯಾಕ್ಸ್, ಕೊಲರಾಡೊದ ಸ್ಪೆಸಿಫಿಕ್ ಓನರ್‌ಶಿಪ್ ಟ್ಯಾಕ್ಸ್ ಬರುತ್ತೆ.

ಗೇರ್_ಬಾಕ್ಸ್
ಲೀಸ್ ಕಾರು? ಲೀಸಿಂಗ್ ಕಂಪನಿ ತಿಂಗಳ ಬಿಲ್ ಜೊತೆ ಪ್ರಾಪರ್ಟಿ ಟ್ಯಾಕ್ಸ್ ಅಂತ ಬೇರೆ ಸಾಲಲ್ಲೇ ವಸೂಲು ಮಾಡುತ್ತೆ. ದುಡ್ಡು ಕೊಟ್ಟವರು ಕಳೀಬಾರದಾ?

ಹೆರ್ಂಡನ್_ಹುಳಿ
ತೆರಿಗೆ ಯಾರ ಮೇಲೆ ಹಾಕಿದ್ದಾರೋ ಅವರಿಗೆ ಮಾತ್ರ ಹಕ್ಕು. ವರ್ಜೀನಿಯಾ, ಕನೆಕ್ಟಿಕಟ್ ಎರಡರಲ್ಲೂ ಕಾರಿನ ಮಾಲೀಕ ಲೀಸಿಂಗ್ ಕಂಪನಿ, ಬಿಲ್ ಹೋಗೋದು ಅವರಿಗೆ. ನೀವು ಕೊಡೋದು ಲೀಸಿನ ಖರ್ಚಿನ ಒಂದು ಭಾಗ. ಬೇರೆ ಸಾಲಲ್ಲಿ ಬರೆದ ಮಾತ್ರಕ್ಕೆ ಅದು ನಿಮ್ಮ ತೆರಿಗೆ ಆಗಲ್ಲ. ಕೌಂಟಿ ಬಿಲ್ ನಿಮ್ಮ ಹೆಸರಿಗೇ ಬಂದಿದ್ದರೆ ಮಾತು ಬೇರೆ.

ಇದೇ ತರ್ಕ ಮಕ್ಕಳ ಕಾರಿಗೂ. ಟೈಟಲ್ ಮಗನ ಹೆಸರಲ್ಲಿದ್ದು ಅಪ್ಪ ತೆರಿಗೆ ಕಟ್ಟಿದರೆ ಅಪ್ಪನ ಶೆಡ್ಯೂಲ್ ಎಗೆ ಬರಲ್ಲ.

ಎಫ್‌ಒನ್_ಉಪ್ಪಿಟ್ಟು
1040-ಎನ್‌ಆರ್ (ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆದವರ ರಿಟರ್ನ್) ಫೈಲ್ ಮಾಡೋ ಸ್ಟೂಡೆಂಟ್‌ಗಳಿಗೆ?

ಕಲಂ_164
ಇಲ್ಲ. 1040-ಎನ್‌ಆರ್‌ನ ಶೆಡ್ಯೂಲ್ ಎ ಬೇರೆಯೇ. ಅಲ್ಲಿ ತೆರಿಗೆಗಳ ಪೈಕಿ ರಾಜ್ಯ ಮತ್ತು ಸ್ಥಳೀಯ ಆದಾಯ ತೆರಿಗೆಗೆ ಮಾತ್ರ ಸಾಲು ಇದೆ. ಭಾರತದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗೋದರಿಂದ ನಷ್ಟವೇನೂ ಇಲ್ಲ.

ಕಾರಿನ ತೆರಿಗೆ ನಿಜವಾಗಿ ಕೆಲಸಕ್ಕೆ ಬರೋದು ಡ್ಯುಯಲ್ ಸ್ಟೇಟಸ್ ವರ್ಷದಲ್ಲಿ, ಅಂದರೆ ಒಂದಷ್ಟು ದಿನ ನಾನ್‌ರೆಸಿಡೆಂಟ್, ಉಳಿದ ದಿನ ರೆಸಿಡೆಂಟ್ ಆದ ವರ್ಷದಲ್ಲಿ. ವರ್ಷದ ಮಧ್ಯದಲ್ಲಿ ಎಚ್-1ಬಿ ಮೇಲೆ ಬಂದು ಆ ವರ್ಷವೇ ಸಬ್‌ಸ್ಟ್ಯಾನ್ಶಿಯಲ್ ಪ್ರೆಸೆನ್ಸ್ ಟೆಸ್ಟ್ (ಅಮೆರಿಕದಲ್ಲಿ ಇದ್ದ ದಿನಗಳ ಲೆಕ್ಕ) ದಾಟಿದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲವೇ ಇಲ್ಲ. ಐಟಮೈಸ್ ಮಾಡಲೇಬೇಕು. ರೆಸಿಡೆಂಟ್ ಆದ ಅವಧಿಯಲ್ಲಿ ಕಟ್ಟಿದ ರಾಜ್ಯದ ತೆರಿಗೆ, ಕಾರಿನ ತೆರಿಗೆ ಎರಡೂ ಬರುತ್ತೆ, ಮೊದಲ ಡಾಲರ್‌ನಿಂದಲೇ ಲಾಭ. ಮದುವೆಯಾದವರು ಪೂರ್ತಿ ವರ್ಷ ರೆಸಿಡೆಂಟ್ ಅಂತ ಆಯ್ಕೆ ಮಾಡಿ ಜಾಯಿಂಟ್ ಫೈಲ್ ಮಾಡಿದರೆ 31,500 ಸಿಗುತ್ತೆ, ಬಹುಪಾಲು ಅದೇ ಒಳ್ಳೇದು. ಆದರೆ ಭಾರತದ ಆ ವರ್ಷದ ಸಂಬಳ, ಬಡ್ಡಿ ಎಲ್ಲಾ ತೋರಿಸಬೇಕು.

ಎಫ್-1 ವಿದ್ಯಾರ್ಥಿ ವೀಸಾದಿಂದ ಅಕ್ಟೋಬರ್ 1ಕ್ಕೆ ಎಚ್-1ಬಿ ಆದವರು ಡ್ಯುಯಲ್ ಅಂದುಕೊಳ್ತಾರೆ. ವಿದ್ಯಾರ್ಥಿಯಾಗಿದ್ದ ದಿನಗಳನ್ನು ಎಣಿಸದ ವಿನಾಯಿತಿಯ ಐದು ವರ್ಷ ಮುಗಿಯದಿದ್ದರೆ ಲೆಕ್ಕಕ್ಕೆ ಬರೋದು ಡಿಸೆಂಬರ್ 31ರವರೆಗಿನ 92 ದಿನ ಮಾತ್ರ. ಟೆಸ್ಟ್ ದಾಟಲ್ಲ, ಪೂರ್ತಿ ವರ್ಷ 1040-ಎನ್‌ಆರ್.

ಮೊದಲ ಡಾಲರ್‌ನಿಂದಲೇ ಲಾಭ ಆಗೋ ಇನ್ನೊಂದು ಸಂದರ್ಭ: ಗಂಡ-ಹೆಂಡತಿ ಬೇರೆ ಬೇರೆ ಫೈಲ್ ಮಾಡಿ ಒಬ್ಬರು ಐಟಮೈಸ್ ಮಾಡಿದರೆ ಇನ್ನೊಬ್ಬರ ಸ್ಟ್ಯಾಂಡರ್ಡ್ ಸೊನ್ನೆ.

ಗೇರ್_ಬಾಕ್ಸ್
ಅದೇ ಕಾರಲ್ಲಿ ಡೆಲಿವರಿ, ರಿಯಲ್ ಎಸ್ಟೇಟ್ ಏಜೆಂಟ್ ಕೆಲಸ ಮಾಡೋರು ಮೈಲೇಜ್ ದರ ತಗೊಂಡಿದ್ದರೆ ತೆರಿಗೆ ಅದರಲ್ಲೇ ಸೇರಿಹೋಯ್ತಾ?

ಬೆಲ್‌ವ್ಯೂ_ಬಿಸಿಬೇಳೆ
ಸೇರಲ್ಲ. ರಿಜಿಸ್ಟ್ರೇಶನ್ ಫೀ ಮೈಲೇಜ್ ದರದೊಳಗೆ ಸೇರಿದೆ, ಪರ್ಸನಲ್ ಪ್ರಾಪರ್ಟಿ ಟ್ಯಾಕ್ಸ್ ಸೇರಿಲ್ಲ. ವರ್ಷಕ್ಕೆ 12,000 ಮೈಲಿ ಓಡಿ ಅದರಲ್ಲಿ 4,500 ವ್ಯವಹಾರಕ್ಕೆ ಅಂದರೆ ಶೇ. 37.5. 2025ರ ದರ ಮೈಲಿಗೆ 70 ಸೆಂಟ್, 3,150 ಡಾಲರ್ ಶೆಡ್ಯೂಲ್ ಸಿ (ಸ್ವಂತ ವ್ಯವಹಾರದ ಲೆಕ್ಕದ ಫಾರ್ಮ್) ಲೈನ್ 9ಕ್ಕೆ. ಕಾರಿನ ತೆರಿಗೆ 400 ಇದ್ದರೆ 150 ಶೆಡ್ಯೂಲ್ ಸಿ ಲೈನ್ 23ಕ್ಕೆ, ಉಳಿದ 250 ಶೆಡ್ಯೂಲ್ ಎಗೆ. ಶೆಡ್ಯೂಲ್ ಸಿ ಭಾಗಕ್ಕೆ ಸಾಲ್ಟ್ ಮಿತಿ ತಾಗಲ್ಲ, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಕೂಡ ಇಳಿಯುತ್ತೆ. ಮೈಲಿ ಬರೆದಿಟ್ಟ ಲಾಗ್ ಇಲ್ಲದಿದ್ದರೆ ಇಡೀ ಲೆಕ್ಕ ಗಾಳಿಗೋಪುರ.

ಡಬ್ಲ್ಯು-2 ಮೇಲೆ (ಸಂಬಳದ ನೌಕರರಾಗಿ) ಇದ್ದುಕೊಂಡು ಕ್ಲೈಂಟ್ ಆಫೀಸಿಗೆ ಓಡಾಡೋರಿಗೆ ಇದು ಅನ್ವಯಿಸಲ್ಲ. ನೌಕರರ ಖರ್ಚಿನ ಕಡಿತ 2018ರಿಂದ ಇಲ್ಲ, 2025ರ ಕಾನೂನು ಆ ಬಾಗಿಲಿಗೆ ಶಾಶ್ವತವಾಗಿ ಬೀಗ ಹಾಕಿದೆ. ಮತ್ತೆ ಎಚ್-1ಬಿಯಲ್ಲಿರೋರು ಡೆಲಿವರಿ ಆ್ಯಪ್ ಓಡಿಸಿ ಶೆಡ್ಯೂಲ್ ಸಿ ಹಾಕೋ ಯೋಚನೆ ಮಾಡಬೇಡಿ, ಅಲ್ಲಿ ತೆರಿಗೆಗಿಂತ ವೀಸಾ ದೊಡ್ಡ ತಲೆನೋವು.

ಪೀಚ್‌ಟ್ರೀ_ಪುಳಿಯೋಗರೆ
ಐಟಮೈಸ್ ಮಾಡದೆಯೂ ಕಾರಿನ ಕಡಿತ ಇದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡ್ತಿದೆ.

ಹೆರ್ಂಡನ್_ಹುಳಿ
ಅದು ಕಾರ್ ಲೋನಿನ ಬಡ್ಡಿ, ತೆರಿಗೆಗೆ ಸಂಬಂಧ ಇಲ್ಲ. 2025ರಿಂದ 2028ರವರೆಗೆ, ವರ್ಷಕ್ಕೆ 10,000ದವರೆಗೆ, ಶೆಡ್ಯೂಲ್ 1-ಎನಲ್ಲಿ. ಕಾರು ಹೊಸದಾಗಿರಬೇಕು, ಅಂತಿಮ ಜೋಡಣೆ ಅಮೆರಿಕದಲ್ಲಿ ಆಗಿರಬೇಕು, ಲೋನ್ 2024ರ ಡಿಸೆಂಬರ್ 31ರ ನಂತರದ್ದಾಗಿರಬೇಕು, ರಿಟರ್ನ್‌ನಲ್ಲಿ ವಿನ್ ಕೊಡಬೇಕು. ಲೀಸ್‌ಗೆ ಇಲ್ಲ. ಒಂದೇ ಮಾಡೆಲ್ ಎರಡು ದೇಶದಲ್ಲಿ ಜೋಡಣೆ ಆಗೋದುಂಟು, ಹಾಗಾಗಿ ಬ್ರ್ಯಾಂಡ್ ನೋಡದೆ ವಿನ್ ನೋಡಿ. ಜಾಯಿಂಟ್ ಆದಾಯ 2 ಲಕ್ಷ ದಾಟಿದರೆ ಪ್ರತಿ ಸಾವಿರಕ್ಕೆ 200 ಕಡಿಮೆ. ವರ್ಷದ ಬಡ್ಡಿ 2,400 ಇದ್ದರೆ 2,12,000ಕ್ಕೆ ಎಲ್ಲಾ ಮಾಯ. ಇಬ್ಬರೂ ದುಡಿಯೋ ಮನೆಗೆ ಆಸೆ ತೋರಿಸಿ ಕೈಕೊಡೋ ಕಡಿತ.

ಎಫ್‌ಒನ್_ಉಪ್ಪಿಟ್ಟು
ಬೆಂಗಳೂರಲ್ಲಿ ಅಪ್ಪ-ಅಮ್ಮನಿಗೆ ಅಂತ ತಮ್ಮದೇ ಹೆಸರಲ್ಲಿ ಕಾರು ಕೊಂಡು ಆರ್‌ಟಿಒಗೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದವರು?

ಕಲಂ_164
ಎರಡು ಕಡೆ ಬಿತ್ತು. ಲೈಫ್‌ಟೈಮ್ ಅಂದರೆ ಒಂದೇ ಸಲ, ವಾರ್ಷಿಕ ಅಲ್ಲ. ಮತ್ತೆ ಸೆಕ್ಷನ್ 164ರ ಈ ಕಡಿತ ಅಮೆರಿಕದ ರಾಜ್ಯ, ಸ್ಥಳೀಯ ತೆರಿಗೆಗಳಿಗೆ ಮಾತ್ರ.

ಐಎಸ್‌ಒ (ನೌಕರರ ಷೇರು ಆಪ್ಷನ್) ಎಕ್ಸರ್‌ಸೈಸ್ ಮಾಡಿ ಎಎಂಟಿಗೆ (ಪರ್ಯಾಯ ಕನಿಷ್ಠ ತೆರಿಗೆ) ಬಿದ್ದವರೂ ಗಮನಿಸಿ: ಶೆಡ್ಯೂಲ್ ಎ ತೆರಿಗೆಗಳು ಫಾರ್ಮ್ 6251ರ ಲೈನ್ 2ಎನಲ್ಲಿ ಆದಾಯಕ್ಕೆ ವಾಪಸ್ ಸೇರುತ್ತೆ. ಅವರಿಗೆ 5ಸಿ ತುಂಬಿಯೂ ಪ್ರಯೋಜನ ಕಾಣದಿರಬಹುದು.

ಲೌಡನ್_ಲೆಕ್ಕ
ಕೊನೇದು. 2025ರ ಅಕ್ಟೋಬರ್ 5ರ ಕಂತು ತಪ್ಪಿ 2026ರ ಜನವರಿಯಲ್ಲಿ ಕಟ್ಟಿದ್ದರೆ ಯಾವ ವರ್ಷಕ್ಕೆ? ಕಾರು ಮಾರಿ ಅಥವಾ ಮೇರಿಲ್ಯಾಂಡ್‌ಗೆ ಹೋಗಿ ಕೌಂಟಿಯಿಂದ ರೀಫಂಡ್ ಬಂದರೆ?

ಹೆರ್ಂಡನ್_ಹುಳಿ
ದುಡ್ಡು ಹೋದ ವರ್ಷಕ್ಕೆ. ಜನವರಿಯಲ್ಲಿ ಕಟ್ಟಿದ್ದು 2026ರ ರಿಟರ್ನ್‌ಗೆ, ಬಿಲ್ ಮೇಲೆ 2025 ಅಂತ ಬರೆದಿದ್ದರೂ ಅಷ್ಟೇ. ಕ್ರೆಡಿಟ್ ಕಾರ್ಡ್‌ನಲ್ಲಿ ಡಿಸೆಂಬರ್ 31ಕ್ಕೆ ಕಟ್ಟಿ ಕಾರ್ಡ್ ಬಿಲ್ ಫೆಬ್ರವರಿಯಲ್ಲಿ ತೀರಿಸಿದರೆ ಡಿಸೆಂಬರ್‌ನದ್ದೇ ಲೆಕ್ಕ.

ಮೇರಿಲ್ಯಾಂಡ್‌ನಲ್ಲಿ ಕಾರಿಗೆ ವಾರ್ಷಿಕ ಪ್ರಾಪರ್ಟಿ ಟ್ಯಾಕ್ಸ್ ಇಲ್ಲ. ಹೋಗುವಾಗ ಹಳೇ ಕೌಂಟಿಗೆ ತಿಳಿಸದಿದ್ದರೆ ಬಿಲ್ ಬರ್ತಾನೇ ಇರುತ್ತೆ. ತಿಂಗಳ ಲೆಕ್ಕದಲ್ಲಿ ಬಿಡೋ ಕೌಂಟಿಗಳಲ್ಲಿ ಉಳಿದ ತಿಂಗಳ ದುಡ್ಡು ವಾಪಸ್ ಸಿಗುತ್ತೆ. ಅದೇ ವರ್ಷದೊಳಗೆ ಬಂದರೆ ಕಟ್ಟಿದ್ದರಿಂದ ಕಳೆದು ಉಳಿದದ್ದನ್ನ 5ಸಿಗೆ ಹಾಕಿ. ಮುಂದಿನ ವರ್ಷ ಬಂದರೆ, ಹಿಂದಿನ ವರ್ಷ ಆ ಕಡಿತದಿಂದ ಎಷ್ಟು ಲಾಭ ಆಗಿತ್ತೋ ಅಷ್ಟನ್ನು ಶೆಡ್ಯೂಲ್ 1ರ ಲೈನ್ 8ಜೆಡ್‌ನಲ್ಲಿ ಆದಾಯ ಅಂತ ತೋರಿಸಿ. ಹಿಂದಿನ ವರ್ಷ ಸ್ಟ್ಯಾಂಡರ್ಡ್ ತಗೊಂಡಿದ್ದರೆ ತೋರಿಸೋದು ಬೇಡ.

ಬಿಲ್‌ನ ಪಿಡಿಎಫ್ ಮತ್ತು ಕಟ್ಟಿದ ರಸೀದಿ ಎರಡನ್ನೂ ಇಟ್ಕೊಳ್ಳಿ, ಬರೀ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಫೀ ಎಷ್ಟು, ತೆರಿಗೆ ಎಷ್ಟು ಅಂತ ಗೊತ್ತಾಗಲ್ಲ. ಫೈಲ್ ಮಾಡಿ ಮೂರು ವರ್ಷ ಇಟ್ಟರೆ ಸಾಕು, ರಿಟರ್ನ್ ಜೊತೆ ಲಗತ್ತಿಸೋದು ಬೇಡ.

ಲೌಡನ್_ಲೆಕ್ಕ
ಎರಡೂ ಬಿಲ್ ತೆಗೆದು ನೋಡಿದ್ದಾಯ್ತು. ಟೋಟಲ್ 1,284, ಲೈಸೆನ್ಸ್ ಫೀ, ದಂಡ ತೆಗೆದರೆ 1,162. ಅದನ್ನೇ 5ಸಿಗೆ ಹಾಕ್ತೀನಿ.